ಬಡಗಲ ಬಂಡೆಗೆ ಬೀಗ ಹಾಕಿದ ಹಂಪಮ್ಮ

ಎಮ್ಮಿಗುಡ್ಡ ಹಂಪಮ್ಮನಿಗೆ ಎರಡು ಸಲ ಕೆಲಸ ಕೊಟ್ಟಿತು. ಮೊದಲ ಸಲ ಅವಳಿಗೆ ಹದಿನಾಲ್ಕು ವರ್ಷ. ತಲೆಯ ಮೇಲೆ ಸಿಂಬಿ ಇಟ್ಟುಕೊಂಡು ಕಲ್ಲುಗಣಿಯಲ್ಲಿ ಜಲ್ಲಿ ಹೊತ್ತಳು. ಎರಡನೆಯ ಸಲ ನಲವತ್ತೇಳು. ಸೀರೆಯ ಮೇಲೆ ಖಾಕಿ ಅಂಗಿ ತೊಟ್ಟು ಅದೇ ಗುಡ್ಡದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಅಷ್ಟರಲ್ಲಿ ಗಣಿ ಮುಚ್ಚಿತ್ತು. ಕುರುಗೋಡಿನ ದಾರಿಯಲ್ಲಿದ್ದ ಆ ಗುಡ್ಡಕ್ಕೆ ಬೇಲಿ ಹಾಕಿಸಿ, ಬಂಡೆ ಹತ್ತುವವರಿಗೆಂದು ಸಾರ್ವಜನಿಕ ಪಾರ್ಕು ಮಾಡಿದ್ದರು.

ಪಾರ್ಕಿನ ನಿಯಮಗಳು ಗೇಟಿನ ಬೋರ್ಡಿನಲ್ಲಿದ್ದವು. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರ ಮೇಲೆ ಯಾರೂ ಬಂಡೆ ಮುಟ್ಟುವಂತಿಲ್ಲ. ಬಳ್ಳಾರಿಯ ಬಿಸಿಲಿಗೆ ಕಾದ ಕಲ್ಲು ಅಂಗೈಯ ಚರ್ಮವನ್ನೇ ಕಿತ್ತುಕೊಳ್ಳುತ್ತದೆ. ಮಳೆ ಬಿದ್ದರೆ ಎರಡು ದಿನ ರಜೆ. ಬೋರ್ಡಿನಲ್ಲಿ ಇಲ್ಲದ ಒಂದು ನಿಯಮವೂ ಇತ್ತು. ಅದು ಹಂಪಮ್ಮನದು.

ಕಾರ್ತಿಕ ಬಂತೆಂದರೆ ಗುಡ್ಡದ ಉತ್ತರಕ್ಕಿದ್ದ ಬಡಗಲ ಬಂಡೆಗೆ ಹೆಜ್ಜೇನು ಬರುತ್ತಿದ್ದವು. ಎಲ್ಲಿಂದಲೋ ಹಿಂಡು ಹಿಂಡಾಗಿ ಬಂದು, ಬಂಡೆ ಮುಂದಕ್ಕೆ ಚಾಚಿದ ಕಡೆ ಮೊರದಷ್ಟು ಅಗಲದ ಹುಟ್ಟುಗಳನ್ನು ಕಟ್ಟುತ್ತಿದ್ದವು. ಬೇಸಿಗೆ ಏರುವ ಹೊತ್ತಿಗೆ ಒಂದು ದಿನ ಎದ್ದು ಹೋಗುತ್ತಿದ್ದವು. ಆ ನಾಲ್ಕೈದು ತಿಂಗಳು ಹಂಪಮ್ಮ ಬಡಗಲ ಬಂಡೆಯ ಕಡೆ ಯಾರನ್ನೂ ಬಿಡುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ವರ್ಷವೇ ಬಳ್ಳಾರಿಯ ಬ್ರೂಸ್‌ಪೇಟೆಗೆ ಹೋಗಿ ಕೆಂಪು ಬಣ್ಣದ ಡಬ್ಬಿ ತಂದು, ಬಂಡೆಯ ಬುಡದಿಂದ ಅರವತ್ತು ಹೆಜ್ಜೆ ಎಣಿಸಿ ನೆಲದ ಕಲ್ಲಿಗೆ ಗೆರೆ ಎಳೆದಿದ್ದಳು. ದಾರಿಗೆ ಅಡ್ಡ ಸರಪಳಿ ಬಿಗಿದು ಬೀಗ ಹಾಕಿದ್ದಳು. ಚಾವಿ ಅವಳ ಸೊಂಟದಲ್ಲಿರುತ್ತಿತ್ತು.

ತೊಂದರೆ ಏನೆಂದರೆ, ಜೇನು ಇರುವ ತಿಂಗಳುಗಳೇ ಬಂಡೆ ಹತ್ತಲು ಹೇಳಿ ಮಾಡಿಸಿದ ತಿಂಗಳುಗಳು. ಕಲ್ಲು ತಣ್ಣಗಿರುತ್ತದೆ, ಗಾಳಿ ಒಣಗಿರುತ್ತದೆ. ಹತ್ತಲು ಬಂದವರು ಗೊಣಗುತ್ತಿದ್ದರು. ಹಳೆಯ ಮ್ಯಾನೇಜರು ಇದಕ್ಕೆಲ್ಲ ತಲೆ ಹಾಕುವವರಲ್ಲ, ಹಾಗಾಗಿ ಐದು ವರ್ಷ ನಡೆಯಿತು. ಹೋದ ವರ್ಷ ವಿಜಯಕುಮಾರ ಎಂಬ ಹೊಸ ಮ್ಯಾನೇಜರು ಬಂದರು. ಚುರುಕಿನ ಮನುಷ್ಯ. ಬಂದ ಮೂರೇ ತಿಂಗಳಿಗೆ ರಾಜ್ಯಮಟ್ಟದ ಸ್ಪರ್ಧೆಯೊಂದನ್ನು ಎಮ್ಮಿಗುಡ್ಡಕ್ಕೆ ತಂದರು. ಜನವರಿಯಲ್ಲಿ, ಬಡಗಲ ಬಂಡೆಯ ಮೇಲೆ.

ಸ್ಪರ್ಧೆಗೆ ಆರು ದಿನ ಇದೆ ಎನ್ನುವಾಗ ಅವರು ಗೇಟಿಗೆ ಬಂದು ಕೈ ಚಾಚಿದರು.

"ಹಂಪಮ್ಮ, ಬಡಗಲ ಕಲ್ಲಿನ ಚಾವಿ ಕೊಡು."

"ಯಾಕ್ರೀ ಸಾರ್?"

"ನಾಳೆ ಸಂಜಿಗೆ ಇಬ್ರು ಬರ್ತಾರ. ಜೇನು ಸುಟ್ಟು ಹೋಗ್ತಾರ."

"ಸುಡಂಗಿಲ್ರಿ."

ವಿಜಯಕುಮಾರ ನಕ್ಕರು. ತಮಾಷೆ ಎಂದುಕೊಂಡಿರಬೇಕು. ಹಂಪಮ್ಮ ನಗಲಿಲ್ಲ. ಅವರ ದನಿ ಏರಿತು.

"ನೀನು ಇಲ್ಲಿ ವಾಚ್‌ಮನ್ನೋ, ಮ್ಯಾನೇಜರೋ?"

"ವಾಚ್‌ಮನ್ನೇ ಅದೀನ್ರಿ. ಕಾಯೋದು ನನ್ ಕೆಲ್ಸ. ಅದನ್ನ ಮಾಡಾಕತ್ತೀನಿ."

"ಇದು ನನ್ನ ಹುಕುಂ."

"ಹಂಗಾರ ಬರದು ಕೊಡ್ರಿ. ಜೇನು ಸುಡಾಕ ನಾನು ಹೇಳೀನಿ, ಹಗ್ಗದ ಮ್ಯಾಲಿರೋ ಮಕ್ಕಳಿಗೆ ಏನರ ಆದ್ರ ನಾನ ಹೊಣಿ ಅಂತ ಬರದು ಸೈನ್ ಮಾಡ್ರಿ. ನಿಂತ ಕಾಲಿನ ಮ್ಯಾಲೆ ಚಾವಿ ಕೊಡ್ತೀನಿ."

ವಿಜಯಕುಮಾರ ಜೇಬಿನಿಂದ ಪೆನ್ನು ತೆಗೆದರು. ಒಂದೆರಡು ಸಲ ಅದರ ತುದಿ ಒತ್ತಿದರು, ಮತ್ತೆ ಜೇಬಿಗೆ ಸಿಕ್ಕಿಸಿದರು. ಅವರು ನಿಜವಾಗಿ ಬರೆದುಕೊಟ್ಟಿದ್ದರೂ ಹಂಪಮ್ಮ ಚಾವಿ ಕೊಡುತ್ತಿರಲಿಲ್ಲ. ಪಕ್ಕದ ಹಾಳು ಬಾವಿಗೆ ಎಸೆಯುವುದೆಂದು ಅಷ್ಟರಲ್ಲೇ ತೀರ್ಮಾನಿಸಿದ್ದಳು.

"ಸ್ಪರ್ಧೆ ಮುಗಿದ ಮ್ಯಾಲೆ ನೀನು ಕೆಲಸಕ್ಕ ಬರೋದು ಬ್ಯಾಡ," ಎಂದು ಅವರು ತಿರುಗಿದರು.

"ಅದನ್ನರ ಬರದು ಕೊಡ್ರಿ," ಎಂದಳು ಹಂಪಮ್ಮ.

ಮಾರನೆಯ ದಿನ ಮಧ್ಯಾಹ್ನ ಹುಲಿಗೇಶ್ ಬಂದ. ಸಂಗನಕಲ್ಲಿನವನು, ಸುತ್ತಲಿನ ಹಳ್ಳಿಯ ಹುಡುಗ ಹುಡುಗಿಯರಿಗೆ ಬಂಡೆ ಹತ್ತುವುದನ್ನು ಕಲಿಸುವ ಕೋಚು. ಹಂಪಮ್ಮನನ್ನು ಅಕ್ಕಾ ಎನ್ನುತ್ತಿದ್ದ. ಆ ದಿನ ಮಾತ್ರ ಅವನ ಮುಖ ಗಂಟಿಕ್ಕಿತ್ತು.

"ಅಕ್ಕಾ, ನಮ್ಮ ಹೇಮಾ ಎರಡು ವರ್ಷದಿಂದ ಆ ಕಲ್ಲಿನ ಮ್ಯಾಲೆ ಕೈ ಕೊಯ್ಕೊಂಡಾಳ. ಅದರ ಒಂದೊಂದು ಬಿರುಕು ಆಕಿಗೆ ಗೊತ್ತು. ತೆಂಕಲ ಕಲ್ಲು ಮೋಟು ಕಲ್ಲು. ಅಲ್ಲಿ ಸ್ಪರ್ಧೆ ಮಾಡಿದ್ರ ಹೊರಗಿನೋರು ಗೆಲ್ತಾರ, ಆಕಿ ಹಿಂದ ಬೀಳ್ತಾಳ."

ಈ ಮಾತು ಹಂಪಮ್ಮನಿಗೆ ಚುಚ್ಚಿತು. ಹೇಮಾ ಎಂದರೆ ಅವಳಿಗೆ ಅಕ್ಕರೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಗೇಟು ದಾಟುವಾಗ ಎಷ್ಟೋ ಸಲ ಆ ಹುಡುಗಿಗೆ ಅರಿಶಿನ ಹಚ್ಚಿ ಕಳಿಸಿದ್ದಳು.

"ಹಿಂದ ಬಿದ್ರ ಬೀಳಲಿ," ಎಂದಳು. "ಕೆಳಗ ಬೀಳೋದು ಬ್ಯಾಡ."

ಸಂಜೆ ಐದಕ್ಕೆ ಇಬ್ಬರು ಗಂಡಸರು ಹುಲ್ಲಿನ ಪಂಜು, ಸೀಮೆಎಣ್ಣೆಯ ಕ್ಯಾನು ಹಿಡಿದು ಬಂದರು. ಹಿಂದೆ ವಿಜಯಕುಮಾರ, ಅವರ ಹಿಂದೆ ಹುಲಿಗೇಶ್. ಬೀಗ ಕತ್ತರಿಸಲು ಗರಗಸವನ್ನೂ ತಂದಿದ್ದರು. ಹಂಪಮ್ಮ ಕೆಂಪು ಗೆರೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಸರಪಳಿಯನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡಿದ್ದಳು.

"ಏಳು ಹಂಪಮ್ಮ. ಜಬರ್ದಸ್ತಿ ಮಾಡಬ್ಯಾಡ."

"ಜಬರ್ದಸ್ತಿ ಯಾರು ಮಾಡಾಕತ್ಯಾರ ನೋಡ್ಕೊಳ್ರಿ ಸಾರ್. ಗರಗಸ ಯಾರ ಕೈಯಾಗ ಐತಿ?" ಎಂದವಳು ಪಂಜು ಹಿಡಿದವರ ಕಡೆ ತಿರುಗಿದಳು. "ನೀವು ಸುಟ್ಟು ಮನಿಗೆ ಹೋಗ್ತೀರಿ. ಸಾಯದ ಜೇನು ಮರುದಿನನೋ ನಾಕು ದಿನಕ್ಕೋ ಗೂಡು ಹುಡುಕ್ಕೊಂಡು ವಾಪಸ್ ಬರ್ತಾವ. ಅವತ್ತು ಹಗ್ಗದ ಮ್ಯಾಲೆ ಯಾರು ಇರ್ತಾರ?"

ಆಗ ಹಂಪಮ್ಮ ಪಾರ್ಕಿನಲ್ಲಿ ಯಾರಿಗೂ ಹೇಳದ ಸಂಗತಿಯನ್ನು ಹೇಳಿದಳು.

ಗಣಿಯ ಕಾಲದಲ್ಲಿ ಅವಳ ತಮ್ಮ ಮಾರೆಣ್ಣ ಇದೇ ಬಂಡೆಯಲ್ಲಿ ಹಗ್ಗಕ್ಕೆ ಜೋತುಬಿದ್ದು ಕುಳಿ ಕೊರೆಯುತ್ತಿದ್ದ. ಅವನಿಗೆ ಆಗ ಹತ್ತೊಂಬತ್ತು ವರ್ಷ. ಹಿಂದಿನ ಸಂಜೆ ಮಾಲೀಕ ಹುಟ್ಟುಗಳನ್ನು ಸುಡಿಸಿದ್ದ. ಕಲ್ಲು ಖಾಲಿ ಆಯಿತು, ಇಳೀರಿ ಎಂದಿದ್ದ. ಬೆಳಿಗ್ಗೆ ಎಂಟು ಗಂಟೆಗೆ ಹೊಗೆಯಂತೆ ಒಂದು ಹಿಂಡು ತಿರುಗಿ ಬಂತು. ಕೆಳಗಿದ್ದವರು ಬುಟ್ಟಿ ಎಸೆದು ಓಡಿದರು. ಹಂಪಮ್ಮನೂ ಓಡಿದಳು.

"ನಾನೂ ಓಡಿದೆ," ಎಂದಳು, ಅವರ ಮುಖವನ್ನು ನೇರವಾಗಿ ನೋಡುತ್ತ. "ಹಗ್ಗದಾಗ ಇದ್ದವನು ಎಲ್ಲಿಗೆ ಓಡಬೇಕು? ಅಕ್ಕಾ, ಅಕ್ಕಾ ಅಂತಿದ್ದ. ಆಮ್ಯಾಲೆ ಅನ್ನಲಿಲ್ಲ. ಮಧ್ಯಾಹ್ನ ಇಳಿಸಿದಾಗ ಮುಖ ಗುರ್ತು ಸಿಗಲಿಲ್ಲ, ಸೊಂಟದ ಉಡದಾರ ನೋಡಿ ಹೇಳಿದೆ. ಅವತ್ತು ಓಡೀನಿ. ಇವತ್ತು ಏಳಂಗಿಲ್ಲ. ಏನು ಮಾಡ್ತೀರಿ ಮಾಡ್ರಿ."

ಪಂಜು ಹಿಡಿದಿದ್ದವರಲ್ಲಿ ಹಿರಿಯನಾದವನು ಕ್ಯಾನನ್ನು ನೆಲಕ್ಕಿಟ್ಟ. ಇಂಥ ಕೆಲಸ ನಮಗೆ ಬೇಡ ಎಂದು ತನ್ನ ಜೊತೆಗಾರನನ್ನು ಕರೆದುಕೊಂಡು ಹೊರಟೇ ಹೋದ. ಹುಲಿಗೇಶ್ ತಲೆಯೆತ್ತಿ ಬಂಡೆಯ ಮೇಲಿನ ಹುಟ್ಟುಗಳನ್ನು ನೋಡಿದ. ಆಮೇಲೆ ಹಂಪಮ್ಮನ ಪಕ್ಕದಲ್ಲಿ, ಗೆರೆಯ ಮೇಲೆ ಕೂತ. ಅಲ್ಲಿಂದಲೇ ಸಂಘಟಕರಿಗೆ ಫೋನು ಹಚ್ಚಿ, "ಬಡಗಲ ಕಲ್ಲಿನ ಮ್ಯಾಲಾದ್ರ ನನ್ನ ಹುಡುಗ್ರು ಯಾರೂ ಹತ್ತಂಗಿಲ್ಲ. ಯಾಕಂತ ಬರೋ ಎಲ್ಲಾರಿಗೂ ನಾನ ಹೇಳ್ತೀನಿ," ಎಂದ.

ಸ್ಪರ್ಧೆ ತೆಂಕಲ ಬಂಡೆಯಲ್ಲಿ ನಡೆಯಿತು. ಹೇಮಾ ನಾಲ್ಕನೆಯವಳಾದಳು. ಆ ಸಂಜೆ ಗೇಟು ದಾಟುವಾಗ ಹಂಪಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಕುರ್ಚಿಯಲ್ಲಿ ಗಾದೆಪ್ಪ ಎಂಬ ಹೊಸ ಕಾವಲುಗಾರ ಕೂತಿದ್ದ.

ಹಂಪಮ್ಮ ಖಾಕಿ ಅಂಗಿ ಮಡಚಿ ಅವನ ಕೈಗೆ ಕೊಟ್ಟಳು. ಚಾವಿ ಕೊಡಲಿಲ್ಲ. ಸಿರುಗುಪ್ಪ ಕಡೆಯ ದೇಶನೂರಿಗೆ ಹೋಗಿ ಒಂಬತ್ತು ದಿನ ಭತ್ತ ನಾಟಿ ಮಾಡಿದಳು. ಕಾಲುವೆಯ ತಣ್ಣನೆಯ ಕೆಸರಿನಲ್ಲಿ ಬಗ್ಗಿ ಬಗ್ಗಿ ನಡ ಬಿದ್ದುಹೋಯಿತು, ಆದರೂ ನಿದ್ದೆ ಚೆನ್ನಾಗಿ ಬಂತು. ಹತ್ತನೆಯ ದಿನ ವಾಪಸು ಬಂದು ಗೇಟಿನ ಹೊರಗಿನ ಬೇವಿನ ಮರದ ಕೆಳಗೆ ಕೂತಳು. ದಿನವೂ ಕೂತಳು. ವಿಜಯಕುಮಾರ ಜೀಪು ನಿಲ್ಲಿಸಿ ಗದರಿದರೆ, "ಇದು ರಸ್ತಿ ಸಾರ್, ಪಾರ್ಕಲ್ಲ," ಎನ್ನುತ್ತಿದ್ದಳು. ಬರುವವರಿಗೆಲ್ಲ ಬಡಗಲ ಕಡೆ ಹೋಗಬೇಡಿರೆಂದು ಅಲ್ಲೇ ಹೇಳಿ ಒಳಗೆ ಕಳಿಸುತ್ತಿದ್ದಳು. ಗಾದೆಪ್ಪ ನಾಲ್ಕು ದಿನ ನೋಡಿದ, ಐದನೆಯ ದಿನ ತನ್ನ ಚಹಾದಲ್ಲಿ ಅರ್ಧ ಅವಳಿಗೆ ತಂದುಕೊಟ್ಟ.

ಅಷ್ಟರಲ್ಲಿ ಹುಲಿಗೇಶ್ ಬಂಡೆ ಹತ್ತುವವರ ಸಹಿ ಹಾಕಿಸಿ, ಹಂಪಮ್ಮನ ಪರವಾಗಿ ಪಾರ್ಕಿನ ಮೇಲಿನವರಿಗೆ ಅರ್ಜಿ ಕೊಟ್ಟಿದ್ದ. ಮೊದಲ ಸಹಿ ಹೇಮಾಳದು ಎಂದು ತಿಳಿದಾಗ ಹಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಫೆಬ್ರವರಿಯಲ್ಲಿ ಬಳ್ಳಾರಿಯಲ್ಲಿ ಸಭೆ ಕರೆದರು. ಅಲ್ಲಿ ಹಿರಿಯ ಅಧಿಕಾರಿಯೊಬ್ಬರು, ನಿನಗೆ ಏನು ಬೇಕಮ್ಮ ಎಂದು ಮೆತ್ತಗೆ ಕೇಳಿದರು.

"ನಂಗೇನೂ ದಾನ ಬ್ಯಾಡ್ರಿ. ಜೇನು ಇರೋತನ ಬಡಗಲ ಕಲ್ಲು ಬಂದ್ ಅಂತ ಬೋರ್ಡಿನ ಮ್ಯಾಲೆ ಬರಸ್ರಿ. ನನ್ನ ನೌಕರಿ ನಂಗ ಕೊಡ್ರಿ. ಎರಡೂ ಕಾಗದದ ಮ್ಯಾಲೆ ಕೊಡ್ರಿ."

ಎರಡೂ ಸಿಕ್ಕವು. ಗಾದೆಪ್ಪನನ್ನೂ ತೆಗೆಯಬಾರದೆಂದು ಹಟ ಹಿಡಿದು, ತೆಂಕಲ ಗೇಟಿಗೆ ಹಾಕಿಸಿದಳು. ಆದರೆ ಬೋರ್ಡು ಬರೆಸಿದವರು ಅವಳ ಮಾತನ್ನು ತಮ್ಮ ಲೆಕ್ಕಕ್ಕೆ ಬಗ್ಗಿಸಿಕೊಂಡಿದ್ದರು. ನವೆಂಬರ್ ಒಂದರಿಂದ ಏಪ್ರಿಲ್ ಮೂವತ್ತರವರೆಗೆ ಪ್ರವೇಶವಿಲ್ಲ ಎಂದಿತ್ತು.

ಈ ವರ್ಷ ಬಿಸಿಲು ಬೇಗ ಏರಿತು. ಮಾರ್ಚ್ ಎರಡನೆಯ ವಾರದಲ್ಲಿ ಜೇನು ಎದ್ದು ಹೋದವು. ಹಂಪಮ್ಮ ಮೂರು ದಿನ ಗೆರೆಯ ಈಚೆ ನಿಂತು ನೋಡಿದಳು. ಹುಲಿಗೇಶ್ ಬಂಡೆಯ ಹಿಂಬದಿಯಿಂದ ಹತ್ತಿ, ಒಣಗಿದ ಹುಟ್ಟುಗಳಲ್ಲಿ ಒಂದು ಹುಳುವೂ ಇಲ್ಲವೆಂದು ಖಾತ್ರಿ ಮಾಡಿದ. ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ಅವಳು ಬೀಗ ತೆಗೆದಳು. ವಿಜಯಕುಮಾರ ಓಡೋಡಿ ಬಂದರು.

"ಏನು ಮಾಡಾಕತ್ತೀಯಮ್ಮ? ಬೋರ್ಡಿನ್ಯಾಗ ಏಪ್ರಿಲ್ ಮೂವತ್ತು ಅಂತ ಐತಿ!"

"ಜೇನಿಗೆ ಓದಾಕ ಬರಂಗಿಲ್ರಿ. ಅವು ಹೋಗ್ಯಾವ. ಹುಡುಗ್ರು ಹತ್ತಲಿ, ಇನ್ನು ತಂಪೊತ್ತು ಎಷ್ಟು ದಿನ ಉಳದೈತಿ?"

"ಮ್ಯಾಲಿನೋರು ಕೇಳಿದ್ರ ನಾನೇನು ಹೇಳ್ಲಿ?"

"ಹಂಪಮ್ಮ ತೆಗದಾಳ ಅಂತ ಹೇಳ್ರಿ."

ಅವರು ಮತ್ತೇನೋ ಹೇಳಲು ಹೊರಟಿದ್ದರು. ಆಗಲೇ ಹೇಮಾ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಂಡೆಯ ಮೊದಲ ಬಿರುಕಿಗೆ ಬೆರಳು ತೂರಿಸಿದ್ದಳು. ಹಂಪಮ್ಮ ಸರಪಳಿಯನ್ನು ಸುತ್ತಿ ಬದಿಗಿಟ್ಟು, ತಲೆಯೆತ್ತಿ ಅವಳನ್ನೇ ನೋಡುತ್ತ ನಿಂತಳು.