ಅಕ್ಕ ಬಾಗಿಲಲ್ಲಿ ನಿಂತು ಹೇಳಿದ ಮಾತು

ದೆವ್ವ, ಶಕುನ, ಅಶರೀರವಾಣಿ ಇಂಥದ್ದನ್ನೆಲ್ಲ ನಾನು ನಂಬಿದವಳಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳು. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ಶುರುಮಾಡಿದರೆ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತಿದ್ದೆ. ಈಗ ನೀವು ಎದ್ದುಹೋದರೂ ನನಗೆ ಬೇಸರವಿಲ್ಲ.

ಆರು ವರ್ಷದ ಹಿಂದಿನ ಮಾತು. ದೊಡ್ಡಬಳ್ಳಾಪುರದಲ್ಲಿ ಸಿನಿಮಾ ಹುಚ್ಚಿನ ನಾಲ್ಕಾರು ಮಂದಿ ಛತ್ರವೊಂದರ ಊಟದ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಹೊರದೇಶದ ಚಿತ್ರ ತೋರಿಸುತ್ತಿದ್ದರು. ಉತ್ತರಪತ್ರಿಕೆ ತಿದ್ದಿ ತಿದ್ದಿ ನನ್ನ ಕತ್ತು ಹಿಡಿದುಹೋಗಿತ್ತು. ಜೊತೆಯ ಶಿಕ್ಷಕಿ ವನಜಾಕ್ಷಿ, "ಬನ್ರೀ ಮೇಡಂ, ಹಿಟ್ಲರ್ ಕಾಲದ್ದಂತೆ. ನಿಮ್ ಪಾಠಕ್ಕೂ ಆಗುತ್ತೆ" ಎಂದು ಎಳೆದುಕೊಂಡು ಹೋದರು.

ಜರ್ಮನಿಯ ಒಂದು ಯಹೂದಿ ಕುಟುಂಬದ ಕಥೆ. ಮೊದಲ ಮಹಾಯುದ್ಧದಲ್ಲಿ ದೇಶಕ್ಕಾಗಿ ಹೋರಾಡಿ ಪದಕ ಪಡೆದ ತಂದೆ, ನಾಜಿಗಳ ಮೆರವಣಿಗೆ ಕಿಟಕಿಯ ಕೆಳಗೇ ಹಾದುಹೋದರೂ ಇದು ನಾಲ್ಕು ದಿನದ ಗಲಾಟೆ ಎನ್ನುತ್ತಾನೆ. ಮಗ ಹೆಸರು ಬದಲಾಯಿಸಿಕೊಂಡು ದೂರವಾಗುತ್ತಾನೆ. ದೊಡ್ಡ ಮಗಳು ದೇಶ ಬಿಡೋಣ ಎಂದು ಗೋಗರೆಯುತ್ತಾಳೆ. ಚಿಕ್ಕವಳು ಮಾತ್ರ ಏನೂ ಹೇಳದೆ ತಟ್ಟೆ ನೋಡುತ್ತಾ ಕೂರುತ್ತಾಳೆ.

ಆ ಚಿಕ್ಕವಳನ್ನು ನೋಡುವುದು ನನಗೆ ಕಷ್ಟವಾಗತೊಡಗಿತು. ಕಾರಣ ಹೇಳಿಬಿಡುತ್ತೇನೆ. ನನ್ನ ಅಕ್ಕ ಹೊಸಕೋಟೆ ಹತ್ತಿರದ ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಗ ಅಲ್ಲೇ ಇದ್ದ ಸಲೀಂನನ್ನು ಮದುವೆಯಾಗುತ್ತೇನೆಂದಳು. "ಹೊಸ್ತಿಲು ದಾಟಿದ್ರೆ ಮುಗೀತು" ಎಂದರು ಅಪ್ಪ. ಅವಳು ಹೊರಟಾಗ ನಾನು ಮನೆಯ ಮಗ್ಗದ ಕೋಣೆಯಲ್ಲಿದ್ದೆ. ನಾಲ್ಕೂ ಪವರ್‌ಲೂಮು ಓಡುತ್ತಿದ್ದವು. ಅಕ್ಕ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಸ್ವಿಚ್ಚು ನನ್ನ ಕೈಗೆ ಎಟುಕುವಲ್ಲೇ ಇತ್ತು. ಅವಳ ಹಿಂದೆ ಅಪ್ಪ ನಿಂತಿದ್ದರು. ನಾನು ಆರಿಸಲಿಲ್ಲ. ಆಮೇಲೆ ಒಂಬತ್ತು ವರ್ಷ ನಾವಿಬ್ಬರೂ ಮಾತಾಡಿರಲಿಲ್ಲ.

ಪರದೆಯ ಮೇಲೆ ದೊಡ್ಡ ಮಗಳು ಪೆಟ್ಟಿಗೆ ಹಿಡಿದು ಬಾಗಿಲ ತನಕ ಹೋದಳು. ತಿರುಗಿ ತಂಗಿಯನ್ನು ನೋಡಿದಳು. ಆಗ ಸ್ಪಷ್ಟವಾಗಿ, ಕನ್ನಡದಲ್ಲಿ ಕೇಳಿಸಿತು:

"ಪುಟ್ಟಿ, ನಿನ್ ಹಸಿರು ಸ್ವೆಟರ್ ತಗೊಂಡ್ ಹೋಗ್ತಾ ಇದೀನಿ. ಬೈಕೋಬೇಡ ಕಣೇ."

ಅಕ್ಕನದೇ ದನಿ; ನನ್ನನ್ನು ಪುಟ್ಟಿ ಎನ್ನುತ್ತಿದ್ದವಳೂ ಅವಳೇ. ನಾನು ವನಜಾಕ್ಷಿಯ ಕೈ ಹಿಡಿದುಕೊಂಡೆ. "ಅವಳು ಕನ್ನಡ ಮಾತಾಡಿದ್ಲಲ್ರೀ!"

"ಯಾವ ಕನ್ನಡ ಮೇಡಂ? ಆ ಹುಡ್ಗಿ ಬಾಯೇ ಬಿಡ್ಲಿಲ್ವಲ್ಲ."

"ನಾನು ನಿದ್ದೆ ಮಾಡ್ಬಿಟ್ನಾ?"

"ಕಣ್ ಬಿಟ್ಕೊಂಡೇ ಕೂತಿದ್ರಿ."

ಆ ಸ್ವೆಟರ್ ಕಾಣೆಯಾದದ್ದು ನಿಜ. ಒಣಹಾಕಿದ ತಂತಿಯಿಂದ ಯಾರೋ ಕದ್ದರೆಂದುಕೊಂಡು ಮರೆತೇಬಿಟ್ಟಿದ್ದೆ.

ಮಾರನೆಯ ದಿನ ಚಿಕ್ಕಮ್ಮನಿಂದ ನಂಬರ್ ಪಡೆದು ಹೊಸಕೋಟೆಯಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ಅವಳು ಮೊದಲು ಕೇಳಿದ್ದು, "ಅಪ್ಪ ಹುಷಾರಾಗಿದ್ದಾರೇನೇ?" ಅಂತ. ಹೂಂ ಎಂದೆ. ಸ್ವಲ್ಪ ಹೊತ್ತು ಇಬ್ಬರೂ ಅತ್ತೆವು. ಆಮೇಲೆ ಕೇಳಿದೆ, "ಅವತ್ತು ಬಾಗ್ಲಲ್ಲಿ ನಿಂತ್ಕೊಂಡು ಏನೋ ಅಂದ್ಯಲ್ಲ, ಏನದು?"

"ಈಗ್ಯಾಕೆ ಅದು? ನಿನ್ ಹಸಿರು ಸ್ವೆಟರ್ ತಗೊಂಡ್ ಹೋಗ್ತೀನಿ, ಬೈಕೋಬೇಡ ಅಂದೆ. ನೀನು ತಲೆ ತಗ್ಗಿಸ್ದೆ. ಸರಿ ಅಂತಿದೀಯ ಅನ್ಕೊಂಡೆ."

ಆ ರಾತ್ರಿ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ಅವ್ಳಿಗೆ ಮಕ್ಳೆಷ್ಟು?" ಎಂದರು. ಎರಡು ಎಂದೆ.

ಮಗ್ಗದ ಸದ್ದಿನ ನಡುವೆಯೂ ಅವತ್ತು ನನ್ನ ಕಿವಿಗೆ ಆ ಮಾತು ಬಿದ್ದಿತ್ತೇ? ನಾಲ್ಕು ಮಗ್ಗ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳಿಸದು, ಇದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಆ ಚಿತ್ರವನ್ನು ಆಮೇಲೆ ಎರಡು ಸಲ ನೋಡಿದ್ದೇನೆ. ಹುಡುಗಿ ಬಾಗಿಲಲ್ಲಿ ತಿರುಗುತ್ತಾಳೆ, ಏನೂ ಹೇಳದೆ ಹೋಗುತ್ತಾಳೆ. ಯೋಚಿಸಿ ಯೋಚಿಸಿ ದಣಿದಿದ್ದೇನೆ.

ಈಗ ತಿಂಗಳಿಗೊಮ್ಮೆ ಅಕ್ಕನ ಮನೆಗೆ ಹೋಗಿಬರುತ್ತೇನೆ. ಅವತ್ತು ನಾನು ತಲೆ ತಗ್ಗಿಸಿದ್ದು ಅಪ್ಪನ ಭಯಕ್ಕೇ ಹೊರತು ಸರಿ ಎನ್ನುವುದಕ್ಕಲ್ಲ ಎಂದು ಅವಳಿಗೆ ಇನ್ನೂ ಹೇಳಲಾಗಿಲ್ಲ.