ಅಲೋಶಿಯಸ್ ಅವರ ಮೂರು ಸೌತೆಕಾಯಿ

ಮಂಗಳೂರು ಸೌತೆಯನ್ನು ಸೌತೆಕಾಯಿ ಎಂದು ಪರಿಗಣಿಸಬಹುದೇ ಎಂಬ ಗಂಭೀರ ಪ್ರಶ್ನೆ ಮಸ್ಕತ್ತಿನ ಖುರುಮ್ ಬಡಾವಣೆಯಲ್ಲಿ ಸಮಿತಿಯೊಂದರ ಮುಂದಿದೆ. ಸದಸ್ಯರು ಐವರು, ನಿಯಮಾವಳಿ ಆರು ಪುಟ. ತೀರ್ಪು ಬೆಳಿಗ್ಗೆ ಹತ್ತಕ್ಕೆ.

ಈಗಿನ್ನೂ ಐದೂವರೆ. ಹದಿನಾಲ್ಕು ವಿಲ್ಲಾಗಳ ಕಾಂಪೌಂಡಿನ ಹಿಂಬದಿಯ ಪಾತಿಯಲ್ಲಿ ತೋಟದ ಮಾಲಿ ಅಲೋಶಿಯಸ್ ಮಥಾಯಸ್ ಕುಕ್ಕರಗಾಲಲ್ಲಿ ಕುಳಿತು, ದರ್ಜಿಯ ಟೇಪು ಹಿಡಿದು ಸೌತೆಕಾಯಿಗಳ ಹೊಟ್ಟೆ ಅಳೆಯುತ್ತಿದ್ದಾರೆ. ಮೂರು ಕಾಯಿ ಬೇಕು, ಮೂರೂ ಒಂದೇ ಗಾತ್ರದ್ದಿರಬೇಕು ಎನ್ನುತ್ತದೆ ನಿಯಮ.

"ಹುಡುಗಿ ನೋಡ್ಲಿಕ್ಕೆ ಹೋದಾಗ್ಲೂ ನೀನು ಇಷ್ಟು ನೋಡಿರ್ಲಿಕ್ಕಿಲ್ಲ ಅಲೋಶಿ," ಎನ್ನುತ್ತಾರೆ ಕಾರು ಒರೆಸುತ್ತಿರುವ ಡ್ರೈವರ್ ಜಲಾಲ್.

"ಅವತ್ತು ಅಳತೆ ತೆಗ್ದದ್ದು ರೆನಿಟಾಳ ಅಪ್ಪ ಮಾರಾಯ. ನನ್ನದು."

ಕರಾವಳಿಯ ಶಿರ್ವದ ಅಲೋಶಿಯಸ್ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ; ಹೆಂಡತಿ ರೆನಿಟಾ ಊರಲ್ಲೇ. ಬಿಸಿಲೇರುವ ಮೊದಲು ಹದಿನಾಲ್ಕು ತೋಟಕ್ಕೂ ನೀರು ಮುಗಿಯಬೇಕು. ಬೇಸಿಗೆಯಲ್ಲಿ ಪೈಪಿನ ನೀರು ಚಹಾಕ್ಕಾಗುವಷ್ಟು ಬಿಸಿ; ಬೆಳಗಿನ ಜಾವ ಮೂರಕ್ಕೇ ಏಳುತ್ತಾರೆ. ಫೆಬ್ರವರಿಯಲ್ಲಿ ಇಲ್ಲಿನ ಇಂಗ್ಲಿಷರು ತಮ್ಮ ಹಳ್ಳಿಗಳಲ್ಲಿ ನಡೆಯುವಂಥದೇ ತರಕಾರಿ ಪ್ರದರ್ಶನ ನಡೆಸುತ್ತಾರೆ. ಗೆಲ್ಲುವ ತರಕಾರಿಯೆಲ್ಲ ಅಲೋಶಿಯಸ್ ಬೆಳೆದದ್ದು, ಚೀಟಿಯಲ್ಲಿ ಹೆಸರು ವಿಲ್ಲಾದವರದು. ಸಂಬಳ ಬರುತ್ತದಲ್ಲ, ದೂರಿಲ್ಲ ಎನ್ನುತ್ತಾರೆ. ಆದರೂ ಈ ವರ್ಷ ಮೊದಲ ಸಲ ತಮ್ಮ ಹೆಸರಲ್ಲೇ ಅರ್ಜಿ ಕೊಟ್ಟಿದ್ದಾರೆ.

ಈ ಹುಚ್ಚು ಹತ್ತಿದ್ದು ಇಂಗ್ಲೆಂಡಿನಲ್ಲಿ. ಆರನೇ ವಿಲ್ಲಾದ ಮೇಡಮ್ ಮೂರು ಬೇಸಿಗೆ ಅವರನ್ನು ತಮ್ಮ ಹಳ್ಳಿಮನೆಯ ತೋಟಕ್ಕೆ ಕರೆದೊಯ್ದಿದ್ದರು.

"ಎಂತ ಉಂಟು ಅಲ್ಲಿ?" ಎನ್ನುತ್ತಾರೆ ಅಲೋಶಿಯಸ್. "ಒಂದು ಚರ್ಚು, ಒಂದು ಬಾರು, ವಾರಕ್ಕೆ ಎರಡು ಬಸ್ಸು. ನಾಯಿಯ ಹೆಸರು ಇಡೀ ಊರಿಗೆ ಗೊತ್ತು, ಯಜಮಾನನ ಹೆಸರು ಕೇಳಿದ್ರೆ ಆಲೋಚನೆ ಮಾಡ್ತಾರೆ. ಶಿರ್ವದಲ್ಲಾದ್ರೆ, ಎಲ್ಲಿಗೆ ಹೊರಟದ್ದು ಅಂತ ನೇರ ಕೇಳ್ತಾರೆ. ಅಲ್ಲಿ ಮಳೆ ವಿಷಯ ಮಾತಾಡ್ತಾ ಮಾತಾಡ್ತಾ ಪತ್ತೆ ಮಾಡ್ತಾರೆ. ಮೂರನೇ ವಾರಕ್ಕೆ ನಾನೂ ಕಲಿತೆ. ನಿಂತು, ಆಕಾಶ ನೋಡಿ, ಸ್ವಲ್ಪ ತಲೆ ಆಡಿಸಿದ್ರೆ ಆಯ್ತು, ನೀವು ಊರಿನವರೇ."

ಊರಿನವರಾದ ಧೈರ್ಯದಲ್ಲಿ ಅಲ್ಲಿನ ಗಾಜಿನಮನೆಯಲ್ಲಿ ಶಿರ್ವದ ಬೀಜ ಹಾಕಿ, ಕಾಯಿಯನ್ನು ಪ್ರದರ್ಶನಕ್ಕೆ ಒಯ್ದರು. ತೀರ್ಪುಗಾರರು ಸುತ್ತ ನಿಂತು, ತಿರುಗಿಸಿ ಮುರುಗಿಸಿ ನೋಡಿ, ಕೊನೆಗೆ ಅದನ್ನು ಅಲಂಕಾರದ ಕುಂಬಳಗಳ ಸಾಲಿಗೆ ಸೇರಿಸಿದರಂತೆ.

"ಕುಂಬಳ ಅಂದ್ರು ಮಾರಾಯ್ರೇ, ನಮ್ಮ ಸೌತೆಗೆ," ಎಂದು ಈಗಲೂ ನಗುತ್ತಾರೆ. "ಬಹುಮಾನದ ಕಪ್ಪು ಗಿಪ್ಪು ಬೇಡ ನನಗೆ. ಸೌತೆಕಾಯಿಯ ಮೇಜಿನಲ್ಲಿ ಇಟ್ಟು, ಹತ್ರ ನನ್ನ ಹೆಸರು ಬರೆದ್ರೆ ಸಾಕು. ರೆನಿಟಾಳಿಗೆ ಫೋಟೋ ಕಳಿಸ್ತೇನೆ."

ಹತ್ತು ಗಂಟೆ. ಸಭಾಂಗಣದಲ್ಲಿ ಅಧ್ಯಕ್ಷೆ ಕನ್ನಡಕ ಏರಿಸಿ, ಹಳದಿ ಪಟ್ಟೆಯ ಕಾಯಿ ತಟ್ಟಿ ನೋಡಿ, ಇದನ್ನು ಹೇಗೆ ತಿನ್ನುತ್ತೀರಿ ಎಂದು ಕೇಳುತ್ತಾರೆ. ಅಲೋಶಿಯಸ್ ಹುಳಿಯ ವಿಧಾನವನ್ನು ಒಗ್ಗರಣೆಯವರೆಗೂ ವಿವರಿಸುತ್ತಾರೆ. ಸಮಿತಿ ಹೊರಗೆ ಹೋಗುತ್ತದೆ, ಒಳಗೆ ಬರುತ್ತದೆ.

ಮಂಗಳೂರು ಸೌತೆ ಸೌತೆಕಾಯಿಯೇ ಎಂದು ತೀರ್ಮಾನವಾಯಿತು. ಅದಕ್ಕೆ ಎರಡನೇ ಬಹುಮಾನ ಬಂತು. ಮೊದಲನೆಯದು ಆರನೇ ವಿಲ್ಲಾದ ಹಸಿರು ಸೌತೆಗೆ ಹೋಯಿತು. ಅದನ್ನು ಬೆಳೆದವರು ಅಲೋಶಿಯಸ್.