ಉಂಡ ಮನೆಯ ಜಂತೆ ಎಣಿಸಿದವಳು

ಜಯಶೀಲಾಳಿಗೆ ಬೇಗ ಹೇಸಿಗೆಯಾಗುತ್ತದೆ. ಕೊಳೆ ಕಂಡರೆ ಆಗುವ ಹೇಸಿಗೆಯಲ್ಲ. ಗಾಲ್ವೇ ಬಂದರಿನ ದಾರಿಯಲ್ಲಿ ಮೀನಿನ ಕರುಳು ಬಿದ್ದಿದ್ದರೂ ದಾಟಿಕೊಂಡು ಹೋಗುವ ಹೆಂಗಸು ಅವಳು. ಸುಳ್ಳೆಂದು ಇಬ್ಬರಿಗೂ ಗೊತ್ತಿರುವ ಮಾತನ್ನು ಒಬ್ಬರು ನಗುತ್ತ ಹೇಳಿ, ಇನ್ನೊಬ್ಬರು ನಗುತ್ತ ತಲೆಯಾಡಿಸಿದರೆ ಮಾತ್ರ ಅವಳ ನಾಲಿಗೆಯ ಬುಡದಲ್ಲಿ ಕಹಿನೀರು ಊರುತ್ತದೆ. ಮೈಸೂರಿನ ಮನೆಯಲ್ಲಿ ಹುಡುಗಿಯಾಗಿದ್ದಾಗ ಅದನ್ನು ಮುಖದ ಮೇಲೆ ತೋರಿಸುವಂತಿರಲಿಲ್ಲ. "ಮೂತಿ ಯಾಕೆ ಹಾಗೆ ಸಿಂಡರಿಸ್ತೀಯ, ನೆಟ್ಟಗೆ ಇರು" ಎಂದು ಅಮ್ಮ ಗದರುತ್ತಿದ್ದರು.

ಇಂಜಿನಿಯರಿಂಗ್ ಓದುವಾಗ ಗೆಳತಿ ಗೀತಾ ಒಂದು ಶನಿವಾರ ಅವಳನ್ನು ಫಿಲ್ಮ್ ಸೊಸೈಟಿಗೆ ಎಳೆದುಕೊಂಡು ಹೋದಳು. ಕಪ್ಪು ಬಿಳುಪಿನ ಹಳೆಯ ಜಪಾನೀ ಚಿತ್ರ. ದೊರೆಯ ಮನೆತನ ಮುಳುಗಿ, ಅನ್ನದ ದಾರಿ ತಪ್ಪಿ, ಊರೂರು ಅಲೆಯುವ ಒಬ್ಬ ಕತ್ತಿಯವ. ಸಮುರಾಯ್ ಎಂಬ ಕತ್ತಿಯವರಲ್ಲಿ ಹೀಗೆ ದೊರೆಯಿಲ್ಲದವರಿಗೆ ರೋನಿನ್ ಅನ್ನುತ್ತಾರೆಂದು ಅವಳಿಗೆ ಆಮೇಲೆ ತಿಳಿಯಿತು. ಹರಿದ ಅಂಗಿ, ಬಾಚದ ಜುಟ್ಟು. ಅವನ ಎದುರು ಯಾರಾದರೂ ಮಾನ, ನಿಷ್ಠೆ, ಕುಲಗೌರವ ಎಂದು ಭಾಷಣ ಶುರು ಮಾಡಿದರೆ ಅವನು ಆಕಳಿಸುತ್ತಿದ್ದ. ಹುಡುಗರೆಲ್ಲ ಕತ್ತಿಕಾಳಗಕ್ಕೆ ಶಿಳ್ಳೆ ಹೊಡೆದರು. ಜಯಶೀಲಾ ನೋಡಿದ್ದು ಆ ಆಕಳಿಕೆಯನ್ನು. ಇಷ್ಟು ಹೇಸಿಗೆಯನ್ನು ಇಷ್ಟು ರಾಜಾರೋಷವಾಗಿ ತೋರಿಸಬಹುದೇ ಎಂದು ಅವಳಿಗೆ ಬೆರಗಾಯಿತು. ಆಮೇಲೆ ಅಂಥ ಚಿತ್ರ ಎಲ್ಲಿ ಸಿಕ್ಕರೂ ಬಿಡಲಿಲ್ಲ.

ಗಂಡ ಸತ್ಯಪ್ರಕಾಶನ ಜೊತೆ ಅವಳು ಐರ್ಲೆಂಡಿನ ಗಾಲ್ವೇಗೆ ಬಂದದ್ದು ೨೦೦೭ರಲ್ಲಿ. ಅವನದು ಸಾಫ್ಟ್‌ವೇರು, ಅವಳಿಗೆ ಊರಂಚಿನ ಪಾರ್ಕ್‌ಮೋರ್ ಕೈಗಾರಿಕಾ ಪ್ರದೇಶದ ಒಂದು ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ. ಹೃದಯದ ರಕ್ತನಾಳದೊಳಗೆ ತೂರಿಸಿ ಉಬ್ಬಿಸುವ, ತುದಿಯಲ್ಲಿ ಪುಟ್ಟ ಬಲೂನಿರುವ ನಳಿಗೆಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಆಗ ಅವಳಿದ್ದದ್ದು ವರ್ಕ್ ಪರ್ಮಿಟ್ ಮೇಲೆ. ಪರ್ಮಿಟ್ಟಿನಲ್ಲಿ ಕಂಪನಿಯ ಹೆಸರೇ ಅಚ್ಚಾಗಿರುತ್ತದೆ; ಕೆಲಸ ಹೋದರೆ ನೆಲವೂ ಹೋದಂತೆ. ಎರಡನೆಯ ವರ್ಷ, ತಾನು ನೋಡದ ಒಂದು ಶುಚಿತ್ವದ ದಾಖಲೆಗೆ ಮೇಲಿನವರು ಹೇಳಿದರೆಂದು ಸಹಿ ಹಾಕಿದ್ದಳು. ಏನೂ ಅನಾಹುತವಾಗಲಿಲ್ಲ. ಆದರೂ ಆ ಸಹಿ ನೆನಪಾದಾಗಲೆಲ್ಲ ಅವಳಿಗೆ ತನ್ನ ಕೈಯನ್ನು ತೊಳೆಯಬೇಕೆನಿಸುತ್ತಿತ್ತು. ಮುಂದೆ ಮಗಳು ಐಶು ಹುಟ್ಟಿದಳು, ಪೌರತ್ವ ಬಂತು, ಪಕ್ಕದ ಓರನ್‌ಮೋರ್‌ನಲ್ಲಿ ಮನೆಯಾಯಿತು. ಭಾನುವಾರ ಮಧ್ಯಾಹ್ನ ನಿವೃತ್ತ ಮೇಷ್ಟ್ರೊಬ್ಬರು ನಡೆಸುವ ಸಿನಿಮಾ ಕ್ಲಬ್ಬಿನಲ್ಲಿ ಹದಿನೈದು ಮುದುಕರ ನಡುವೆ ಕೂತು ಅವಳು ಹಳೆಯ ಕತ್ತಿಯವರನ್ನು ನೋಡುತ್ತಿದ್ದಳು.

ಶಶಾಂಕ್ ಬಂದದ್ದು ಆಮೇಲೆ. ಗಾಲ್ವೇಯಲ್ಲಿ ಎಂ.ಎಸ್ಸಿ. ಮುಗಿಸಿ ಕೆಲಸಕ್ಕಾಗಿ ಅಲೆಯುತ್ತಿದ್ದ ತುಮಕೂರಿನ ಹುಡುಗ. ಜಯಶೀಲಾ ಅವನನ್ನು ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ನಾಲ್ಕು ಶನಿವಾರ ಇಂಟರ್‌ವ್ಯೂ ಅಭ್ಯಾಸ ಮಾಡಿಸಿದಳು. "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಇಲ್ಲಿ ಅದು ಅವಮಾನ ಅಲ್ಲ" ಎಂದು ಹೇಳಿಕೊಟ್ಟಳು. ಅವಳದೇ ವಿಭಾಗದಲ್ಲಿ ಕೆಲಸ ಸಿಕ್ಕ ದಿನ ಅವನು ಮೈಸೂರುಪಾಕಿನ ಡಬ್ಬಿ ಹಿಡಿದುಕೊಂಡು ಬಂದು, "ಶೀಲಕ್ಕ, ನೀವು ಇಲ್ದಿದ್ರೆ ನಾನು ಇಷ್ಟು ಹೊತ್ತಿಗೆ ಬ್ಯಾಗ್ ಕಟ್ಟಿರ್ತಿದ್ದೆ" ಎಂದು ಕಣ್ಣಲ್ಲಿ ನೀರು ತಂದುಕೊಂಡ.

ಎರಡು ವರ್ಷ ಎಲ್ಲ ಸರಿಯಿತ್ತು. ಆಮೇಲೆ ಫರ್ಗಲ್ ಎಂಬ ಹೊಸ ಮ್ಯಾನೇಜರ್ ಬಂದ. ತೆಳ್ಳಗೆ, ಉದ್ದಕ್ಕೆ, ಸದಾ ನಗುವ ಮನುಷ್ಯ. ಜಪಾನಿನಲ್ಲಿ ಹತ್ತು ದಿನ ತರಬೇತಿಗೆ ಹೋಗಿ ಬಂದಿದ್ದ. ಬಂದವನೇ 'ಕ್ವಾಲಿಟಿ ಸಮುರಾಯ್' ಎಂಬ ಅಭಿಯಾನ ಶುರುಮಾಡಿದ. ಗೋಡೆಗೋಡೆಗೆ ಕತ್ತಿಯ ಚಿತ್ರ, ಕೆಳಗೆ ನಿಷ್ಠೆ, ಶಿಸ್ತು, ಗೌರವ ಎಂಬ ಮೂರು ಪದ. ಮೂರು ತಿಂಗಳಿಗೊಮ್ಮೆ, ಹೇಳಿದ ದಿನಕ್ಕೆ ಸರಕು ಸಾಗಿಸಿದ ತಂಡಕ್ಕೆ ಪ್ಲಾಸ್ಟಿಕ್ ಕತ್ತಿ, ಹಣೆಗೆ ಬಿಳಿ ಪಟ್ಟಿ. ಮಧ್ಯವಯಸ್ಸಿನ ಗಂಡಸರು ಆ ಪಟ್ಟಿ ಕಟ್ಟಿಕೊಂಡು ಕ್ಯಾಂಟೀನಿನಲ್ಲಿ ಫೋಟೋ ತೆಗೆಸಿಕೊಳ್ಳುವುದನ್ನು ನೋಡಿ ಜಯಶೀಲಾ ತಟ್ಟೆ ಹಾಗೇ ಬಿಟ್ಟು ಎದ್ದುಹೋದಳು. ಅವಳಿಗೆ ಸಮುರಾಯ್ ಸಿನಿಮಾಗಳ ಹುಚ್ಚಿದೆ ಎಂದು ಫರ್ಗಲ್‌ಗೆ ಯಾರೋ ಹೇಳಿದರು. ಅವನಿಗೆ ಸಂತೋಷವೋ ಸಂತೋಷ. ಮುಂದಿನ ಸಮಾರಂಭದಲ್ಲಿ ಸಮುರಾಯ್ ನಿಷ್ಠೆಯ ಬಗ್ಗೆ ಐದು ನಿಮಿಷ ಮಾತಾಡಬೇಕೆಂದು ಕೇಳಿಕೊಂಡ. ಅವಳು ಹೂಂ ಎಂದೂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಅವನು ಕಾರ್ಯಕ್ರಮಪಟ್ಟಿಯಲ್ಲಿ ಹೆಸರು ಹಾಕಿಸಿಬಿಟ್ಟ.

ಸಮಾರಂಭಕ್ಕೆ ಇನ್ನೊಂದು ವಾರವಿದ್ದಾಗ ಸೋರಿಕೆ ಪರೀಕ್ಷೆಯ ಕಥೆ ನಡೆಯಿತು. ಒಂದು ಬ್ಯಾಚಿನಿಂದ ಮೂವತ್ತು ಬಲೂನು ತೆಗೆದು, ಗಾಳಿ ತುಂಬಿ, ಒತ್ತಡ ನಿಲ್ಲುತ್ತದೆಯೇ ಎಂದು ನೋಡುವ ಪರೀಕ್ಷೆ. ಮೂರು ಸೋರಿದವು. ನಿಯಮದ ಪ್ರಕಾರ ಇಡೀ ಬ್ಯಾಚನ್ನು ತಡೆಹಿಡಿಯಬೇಕು. ಮಾರನೆಯ ದಿನ ಬೆಳಿಗ್ಗೆ ಅವಳ ಮೇಜಿನ ಮೇಲೆ ಒಂದು ಹಾಳೆ ಕೂತಿತ್ತು: ಆ ದಿನ ಒತ್ತಡದ ಮಾಪಕ ಕೆಟ್ಟಿದ್ದರಿಂದ ಪರೀಕ್ಷೆ ಅಸಿಂಧು, ಹೊಸ ಮೂವತ್ತು ಬಲೂನುಗಳು ಪಾಸಾಗಿವೆ. ಕೆಳಗೆ ಅವಳ ಸಹಿಗೆ ಜಾಗ.

ಅವಳು ಹಾಳೆ ಹಿಡಿದು ಫರ್ಗಲ್‌ನ ಕೋಣೆಗೆ ಹೋದಳು.

"ಆ ಮಾಪಕವನ್ನು ಅವತ್ತು ಬೆಳಿಗ್ಗೆ ನಾನೇ ಪರೀಕ್ಷಿಸಿದ್ದೆ. ಸರಿಯಾಗಿತ್ತು."

"ಬೆಳಿಗ್ಗೆ ಸರಿಯಾಗಿತ್ತು, ಮಧ್ಯಾಹ್ನ ಕೆಟ್ಟಿರಬಹುದಲ್ಲ, ಜಯಾ?"

"ಮಧ್ಯಾಹ್ನವೂ ನೋಡಿದೆ. ಈಗ ಹೋಗಿ ನೋಡಿ, ಈಗಲೂ ಸರಿಯಾಗಿದೆ."

ಫರ್ಗಲ್ ನಕ್ಕ. "ಇದು ಬರೀ ಕಾಗದದ ಕೆಲಸ. ಎರಡನೇ ಸಲ ಎಲ್ಲ ಪಾಸಾಗಿವೆಯಲ್ಲ, ಆಲ್ ಗ್ರ್ಯಾಂಡ್."

"ಆ ಮೂರು ಬಲೂನು ಯಾರದೋ ಎದೆಯೊಳಗೆ ಸೋರಿದ್ದರೆ?"

"ಸೋರಲಿಲ್ಲವಲ್ಲ" ಎಂದು ಅವನು ಇನ್ನೂ ನಗುತ್ತಲೇ ಹೇಳಿದ. ಅವಳ ಬಾಯಲ್ಲಿ ಕಹಿನೀರು ಊರಿತು. ಹಾಳೆಯನ್ನು ಅವನ ಮೇಜಿನ ಮೇಲಿಟ್ಟು ಹೊರಗೆ ಬಂದಳು.

ಸಂಜೆಯೊಳಗೆ ಆ ಹಾಳೆಗೆ ಸಹಿ ಬಿತ್ತು. ಸಹಿ ಶಶಾಂಕನದು. ಕಾರ್ ಪಾರ್ಕಿನಲ್ಲಿ ಅವನೇ ಅವಳಿಗಾಗಿ ಕಾಯುತ್ತಿದ್ದ.

"ಅಕ್ಕ, ಬೈಬೇಡಿ. ಇನ್ನೂ ಒಂದು ವರ್ಷ ನಾನು ಈ ಪರ್ಮಿಟ್ ಮೇಲೇ ಇರ್ಬೇಕು. ಶುಭಾ ಮದುವೆಯಾಗಿ ಈಗಷ್ಟೇ ಬಂದಿದ್ದಾಳೆ, ಅವಳು ಪ್ರೆಗ್ನೆಂಟು. ನಾನು ಏನ್ ಮಾಡ್ಲಿ?"

"ಆ ಗೇಜ್ ಕೆಟ್ಟಿತ್ತಾ?"

"ನಂಗೆ ಹೇಗ್ ಗೊತ್ತಾಗುತ್ತೆ?"

"ನೀನೇ ಅದರ ಮುಂದೆ ನಿಂತಿದ್ದೆ, ಶಶಾಂಕ್."

ಅವನು ಬೂಟಿನ ತುದಿ ನೋಡುತ್ತ ನಿಂತ. "ನಿಮಗೇನಕ್ಕ, ಪಾಸ್‌ಪೋರ್ಟ್ ಐತೆ. ಹೇಳೋದು ಸುಲಭ."

ಮಾತು ನಾಟಿತು, ಏಕೆಂದರೆ ಅದು ನಿಜ. ಅವಳಿಗೆ ಅವನ ಮೇಲೆ ಬಂದ ಹೇಸಿಗೆಯ ತಳದಲ್ಲಿ ಹದಿನೈದು ವರ್ಷ ಹಿಂದಿನ ತನ್ನದೇ ಸಹಿ ಕೂತಿತ್ತು. ಕಾರು ಹತ್ತಿದಳು.

ಸಮಾರಂಭದ ದಿನ ಕ್ಯಾಂಟೀನಿನಲ್ಲಿ ಇನ್ನೂರು ಜನ. ಆ ಸಲದ ಕತ್ತಿ ಶಶಾಂಕನ ತಂಡಕ್ಕೇ ಹೋಯಿತು. ಅವನ ಹಣೆಗೆ ಫರ್ಗಲ್ ಸ್ವತಃ ಪಟ್ಟಿ ಕಟ್ಟಿದ. ಆಮೇಲೆ ಮೈಕು ಜಯಶೀಲಾಳ ಕೈಗೆ ಬಂತು. ಅವಳು ಬೇಡವೆನ್ನಬಹುದಿತ್ತು, ಎದ್ದು ನಿಂತಳು.

"ನನಗೆ ಭಾಷಣ ಬರುವುದಿಲ್ಲ. ಒಂದು ಸಿನಿಮಾದ ಕಥೆ ಹೇಳುತ್ತೇನೆ" ಎಂದು ಶುರುಮಾಡಿದಳು. "ಹೆಸರು ಮರೆತಿದ್ದೇನೆ. ಒಬ್ಬ ರೋನಿನ್. ಹಸಿದಿದ್ದಾನೆ. ಒಂದು ದೊಡ್ಡ ಮನೆತನದವರು ಅಕ್ಕಿಯ ಉಗ್ರಾಣ ಕಾಯಲು ಅವನನ್ನು ಇಟ್ಟುಕೊಳ್ಳುತ್ತಾರೆ. ಒಂದು ದಿನ ಚೀಲ ಹರಿದು ನೋಡಿದರೆ ಮೇಲೆ ಒಂದು ಗೇಣು ಅಕ್ಕಿ, ಕೆಳಗೆಲ್ಲ ಮರಳು. ಬರಗಾಲ ಬಂದರೆ ಊರು ತಿನ್ನಬೇಕಾದ ಅಕ್ಕಿ ಅದು. ಅವನು ಹೋಗಿ ಯಜಮಾನನಿಗೆ ಹೇಳುತ್ತಾನೆ. ಯಜಮಾನ ನಕ್ಕು, 'ನಿನ್ನ ಕೆಲಸ ಬಾಗಿಲು ಕಾಯುವುದು. ಸಮುರಾಯ್‌ಗೆ ನಿಷ್ಠೆ ಮುಖ್ಯ' ಅನ್ನುತ್ತಾನೆ. ನಾವೆಲ್ಲ ಈಗ ಕತ್ತಿ ಹಿರಿಯುತ್ತಾನೆ ಎಂದು ಕಾಯುತ್ತೇವೆ. ಅವನು ಹಿರಿಯುವುದಿಲ್ಲ. ಯಜಮಾನ ಹಾಕಿಸಿದ ಗಂಜಿಯನ್ನು ಅವನ ಕಾಲ ಬುಡದಲ್ಲೇ ಸುರಿದು, ಉಗಿದು, ನಡೆದುಹೋಗುತ್ತಾನೆ. ಇಲ್ಲಿ ಗೋಡೆಯ ಮೇಲೆ ಬರೆದಿರುವ ಮೂರು ಪದಗಳು ಆ ಯಜಮಾನನ ಮಾತುಗಳು. ಆ ಚಿತ್ರಗಳನ್ನು ಮಾಡಿದ್ದೇ ಅಂಥ ಯಜಮಾನರನ್ನು ಬೈಯಲಿಕ್ಕೆ. ನಮ್ಮ ಉಗ್ರಾಣದಲ್ಲೂ ಹೋದ ವಾರ ಮರಳು ಸಿಕ್ಕಿತು. ಆ ಬ್ಯಾಚಿನ ನಂಬರು ಬೇಕಾದವರು ನನ್ನನ್ನು ಕೇಳಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಫರ್ಗಲ್ ಮೈಕು ತೆಗೆದುಕೊಂಡು, "ವಾವ್, ಬಹಳ ಆಳವಾದ ಕಥೆ" ಎಂದ. ಹಣೆಪಟ್ಟಿ ಕಟ್ಟಿಕೊಂಡಿದ್ದ ಶಶಾಂಕ್ ಕತ್ತಿಯನ್ನು ಬೆನ್ನ ಹಿಂದೆ ಮರೆಸಿಕೊಂಡಿದ್ದ. ನಂಬರು ಕೇಳಲು ಒಬ್ಬರೂ ಬರಲಿಲ್ಲ.

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಅದು ಅವರ ಜಾಣತನ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಲು ಕಿಟಕಿಯಿಲ್ಲದ ಕೋಣೆಗೆ ಹಾಕಿದರು. ಇಡೀ ದಿನದ ಕೆಲಸ ಒಂದು ತಾಸಿಗೆ ಮುಗಿಯುವಷ್ಟಿತ್ತು. ಊಟದ ಹೊತ್ತಿಗೆ ಕನ್ನಡದವರ ಮೇಜಿನಲ್ಲಿ ಅವಳಿಗೆ ಜಾಗವಿರಲಿಲ್ಲ. ಆರು ವರ್ಷ ಅವಳ ಡಬ್ಬಿಯ ಬಿಸಿಬೇಳೆಬಾತು ಹಂಚಿಕೊಂಡಿದ್ದ ಅರ್ಪಿತಾ, ಒಂದು ದಿನ ಖಾಲಿ ಕುರ್ಚಿಯ ಮೇಲೆ ತನ್ನ ಕೋಟು ಇಟ್ಟು, "ಯಾರೋ ಬರ್ತಾರೆ ಶೀಲಾ" ಎಂದಳು. ಯಾರೂ ಬರಲಿಲ್ಲ. ಜಯಶೀಲಾ ಪಕ್ಕದ ಮೇಜಿನಲ್ಲಿ ಕೂತು ಆ ಕೋಟನ್ನು ನೋಡುತ್ತ ಊಟ ಮುಗಿಸಿದಳು.

ಯುಗಾದಿಯ ದಿನ ಬಾಡಿಗೆ ಸಭಾಂಗಣದಲ್ಲಿ ಕನ್ನಡ ಸಂಘದ ಊಟ. ಸಂಘದ ಹಿರಿಯ ರಾಮಲಿಂಗಪ್ಪನವರು ಅವಳನ್ನು ಪಕ್ಕಕ್ಕೆ ಕರೆದರು. ಅವರ ಮಗನೂ ಅದೇ ಕಂಪನಿಯಲ್ಲಿದ್ದ.

"ನೋಡಮ್ಮ, ಉಂಡ ಮನೆ ಜಂತೆ ಎಣಿಸಬಾರದು ಅಂತಾರೆ. ನಮ್ಮ ಎಷ್ಟು ಹುಡುಗರು ಅಲ್ಲಿದಾರೆ. ನೀವು ಒಬ್ಬರು ಬಾಯಿ ಬಿಟ್ರೆ ಇಂಡಿಯನ್ಸ್ ಎಲ್ಲ ಹೀಗೇ ಅಂತ ಹೆಸರು ಬರುತ್ತೆ."

"ಜಂತೆ ಎಣಿಸೋಕೇ ನಂಗೆ ಸಂಬಳ ಕೊಡೋದು, ಸರ್. ಅದೇ ನನ್ನ ಕೆಲಸ."

ಅವರ ಮುಖ ಬಿಗಿಯಿತು. ಸುತ್ತಲಿದ್ದವರು ಒಬ್ಬಟ್ಟು ಚೆನ್ನಾಗಿದೆಯೆಂದು ಗಟ್ಟಿಯಾಗಿ ಹೇಳಿಕೊಳ್ಳತೊಡಗಿದರು. ಅವಳು ಎಲೆ ಮಡಿಚಿ ಎದ್ದಳು.

"ನಿಂಗೇ ಯಾಕೆ ಬೇಕಿತ್ತು ಇದು?" ಎಂದು ಕಾರಿನಲ್ಲಿ ಸತ್ಯಪ್ರಕಾಶ ಕೇಳಿದ. ಹಿಂದಿನ ಸೀಟಿನಿಂದ ಹದಿನಾಲ್ಕರ ಐಶು ಅಪ್ಪಟ ಗಾಲ್ವೇ ದನಿಯಲ್ಲಿ, "ಲೀವ್ ಹರ್ ಅಲೋನ್, ಡ್ಯಾಡ್. ಶೀ ಈಸ್ ರೈಟ್, ಲೈಕ್" ಎಂದಳು. ಮನೆಗೆ ಬಂದ ಮೇಲೆ ಗಂಡ ತಾನೇ ಲ್ಯಾಪ್‌ಟಾಪು ತೆಗೆದು, "ಎಲ್ಲಿಗೆ ಬರೀಬೇಕು ಹೇಳು, ಇಬ್ರೂ ಕೂತು ಬರೆಯೋಣ" ಎಂದ.

ಅವಳು ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಡಬ್ಲಿನ್‌ನ ಸರ್ಕಾರಿ ಕಚೇರಿಗೆ ಬ್ಯಾಚಿನ ನಂಬರು, ಮಾಪಕದ ದಾಖಲೆ, ದಿನಾಂಕ ಎಲ್ಲ ಬರೆದು ಕಳಿಸಿದಳು. ಎರಡು ತಿಂಗಳ ನಂತರ ಮೂವರು ಅಧಿಕಾರಿಗಳು ಬಂದು ನಾಲ್ಕು ದಿನ ಇದ್ದು ಹೋದರು. ಆ ಬ್ಯಾಚೂ ಅದರ ಜೊತೆಗಿನ ಇನ್ನೆರಡೂ ಆಸ್ಪತ್ರೆಗಳಿಂದ ವಾಪಸ್ಸಾದವು. ಯಾರಿಗೂ ಏನೂ ಆಗಿರಲಿಲ್ಲವೆಂದು ತಿಳಿದಾಗ ಅವಳು ಆ ಕತ್ತಲೆ ಕೋಣೆಯಲ್ಲಿ ಸ್ಕ್ಯಾನರಿನ ಮೇಲೆ ತಲೆಯಿಟ್ಟು ಒಂದು ಗಳಿಗೆ ಕೂತಿದ್ದಳು. ಫರ್ಗಲ್‌ನನ್ನು ಅದೇ ಕಂಪನಿ ಹೊರದೇಶದ ಇನ್ನೂ ದೊಡ್ಡ ಕಾರ್ಖಾನೆಗೆ ಬಡ್ತಿ ಕೊಟ್ಟು ಕಳಿಸಿತು. ಬೀಳ್ಕೊಡುಗೆಗೆ ಕೇಕು ಕತ್ತರಿಸಿದರು. ಒಂದು ತುಂಡನ್ನು ಕಾಗದದ ತಟ್ಟೆಯಲ್ಲಿಟ್ಟು ಅವಳ ಕೋಣೆಗೂ ಕಳಿಸಿದ್ದರು. ಆ ತಟ್ಟೆಯನ್ನು ಹಾಗೇ ಕಸದ ಬುಟ್ಟಿಗೆ ಹಾಕಿ, ಮಧ್ಯಾಹ್ನ ರಾಜೀನಾಮೆ ಬರೆದಳು.

ಪಾರ್ಕ್‌ಮೋರ್‌ನ ಬೇರೆ ಕಂಪನಿಗಳಿಗೆ ಅರ್ಜಿ ಹಾಕಿದಳು. ಎಲ್ಲ ಕಡೆ ನಯವಾದ ಉತ್ತರ. ಏಳು ತಿಂಗಳು ಮನೆಯಲ್ಲಿದ್ದ ಮೇಲೆ, ತೂಕದ ಯಂತ್ರಗಳನ್ನು ಪರೀಕ್ಷಿಸುವ ಐದಾರು ಜನರ ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಈಗ ವ್ಯಾನಿನ ಹಿಂದೆ ಕಬ್ಬಿಣದ ತೂಕದ ಬಟ್ಟುಗಳನ್ನು ಹೇರಿಕೊಂಡು ಗಾಲ್ವೇಯ ಪಶ್ಚಿಮದ ಕನೆಮಾರ ಸೀಮೆಯ ಮಾಂಸದ ಅಂಗಡಿ, ಮೀನಿನಂಗಡಿ, ಉಣ್ಣೆಯ ಮಂಡಿಗಳಿಗೆ ಹೋಗುತ್ತಾಳೆ. ಅಲ್ಲೂ ಕಳ್ಳತನವಿದೆ. ಆದರೆ ಕಟುಕ ತನ್ನ ಕಳ್ಳತನಕ್ಕೆ ಗೋಡೆಯ ಮೇಲೆ ಘೋಷಣೆ ಬರೆಸುವುದಿಲ್ಲ. ಸಿಕ್ಕಿಬಿದ್ದರೆ ನೇರವಾಗಿ ಬೈಯುತ್ತಾನೆ. ಅವಳಿಗೆ ಅದೇ ವಾಸಿಯೆನಿಸುತ್ತದೆ.

ಹೋದ ಅಕ್ಟೋಬರಿನಲ್ಲಿ ಅವಳು ಒಂದು ಮೀನಿನಂಗಡಿಯ ಮುಂದೆ ವ್ಯಾನು ನಿಲ್ಲಿಸಿದ್ದಾಗ ಶಶಾಂಕನ ಫೋನು ಬಂತು. ಎರಡು ವರ್ಷದಲ್ಲಿ ಮೊದಲನೆಯದು.

"ಅಕ್ಕ, ಮತ್ತೆ ಅದೇ ಥರ ಒಂದು ಪೇಪರ್ ಕೊಟ್ಟಿದಾರೆ. ನಾನು ಕಾರಲ್ಲಿ ಕೂತಿದೀನಿ. ಒಳಗೆ ಹೋಗೋಕೆ ಆಗ್ತಿಲ್ಲ."

"ಈಗ ಪರ್ಮಿಟ್ ಕಾಟ ಇಲ್ಲ ತಾನೆ?"

"ಇಲ್ಲ. ಸ್ಟಾಂಪ್ ಫೋರ್ ಬಂತು, ಈಗ ಯಾವ ಕಂಪನೀಲಾದ್ರೂ ಕೆಲಸ ಮಾಡ್ಬೋದು. ಆದ್ರೆ ಮಾರ್ಟ್‌ಗೇಜು..."

ಪರ್ಮಿಟ್ಟಿನ ಜಾಗದಲ್ಲಿ ಈಗ ಮನೆಯ ಸಾಲ ಬಂದು ಕೂತಿತ್ತು. "ನಾನು ಹೇಳಿದ ಹಾಗೆ ಮಾಡ್ತೀಯಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಕ್ಕ."

"ಹಾಗಾದ್ರೆ ಕೇಳ್ಬೇಡ" ಎಂದು ಫೋನಿಟ್ಟಳು.

ಅವನು ಏನು ಮಾಡಿದನೆಂಬುದನ್ನು ಎಷ್ಟೋ ದಿನದ ಮೇಲೆ, ಸೂಪರ್‌ಮಾರ್ಕೆಟ್ಟಿನಲ್ಲಿ ಎದುರಾದ ಅರ್ಪಿತಾ ತಾನಾಗಿಯೇ ಹೇಳಿದಳು. ಹೊಟ್ಟೆನೋವೆಂದು ಮೂರು ದಿನ ರಜೆ ಹಾಕಿ ಮನೆಗೆ ಹೋದನಂತೆ. ಸಹಿ ಇನ್ನೊಬ್ಬ ಹಾಕಿದನಂತೆ. "ಪಾಪ, ತುಂಬಾ ಸೆನ್ಸಿಟಿವ್ ಹುಡುಗ" ಎಂದು ಅರ್ಪಿತಾ ತೋಳು ಮುಟ್ಟಿದಳು. ಜಯಶೀಲಾ ತೋಳು ಹಿಂದಕ್ಕೆಳೆದುಕೊಂಡು, ಹಾಲಿನ ಕ್ಯಾನು ಬುಟ್ಟಿಗೆ ಹಾಕಿ, ದಿನಸಿಯ ಸಾಲಿನತ್ತ ನಡೆದಳು. ಮನೆ ತಲುಪಿದ ಮೇಲೆ ವ್ಯಾನಿನಲ್ಲಿ ಕೂತೇ ಡಬ್ಲಿನ್‌ನ ಆ ಕಚೇರಿಗೆ ಇನ್ನೊಂದು ಪತ್ರ ಬರೆದಳು. ಈ ಸಲ ಅವಳ ಬಳಿ ಬ್ಯಾಚಿನ ನಂಬರು ಇರಲಿಲ್ಲ. ಕಿವಿಗೆ ಬಿದ್ದಷ್ಟನ್ನೇ, ನೋಡಿದ್ದಲ್ಲ ಕೇಳಿದ್ದು ಎಂದೇ ಬರೆದು, ಕೆಳಗೆ ಸಹಿ ಹಾಕಿದಳು.